ಫ್ಯಾನಿಗೆ ಮೆತ್ತಿದ ಸುಣ್ಣ

ಧನು,

ರೇಷ್ಮೆಗೂಡು ಹೇರಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟೆ. ನೀನು ಮಲಗಿದ್ದೆ, ಎಬ್ಬಿಸುವ ಧೈರ್ಯ ಬರಲಿಲ್ಲ.

ಕಂಪ್ಯೂಟರ್ ತಾನಾಗೇ ಆಫ್ ಆಗಿ ಆನ್ ಆಗುತ್ತಿದ್ದದ್ದು ನಿನ್ನ ಗೇಮಿನಿಂದಲ್ಲ. ನಿನ್ನೆ ಡಬ್ಬ ಬಿಚ್ಚಿ ನೋಡಿದೆ. ಒಳಗಿನ ಫ್ಯಾನಿಗೆ ಸುಣ್ಣ ಮೆತ್ತಿಕೊಂಡು ತಿರುಗುವುದೇ ನಿಂತಿತ್ತು. ಕಂಪ್ಯೂಟರ್ ಬಿಸಿಯಾಗಿ ಬಿಸಿಯಾಗಿ ಕೈಕೊಡುತ್ತಿತ್ತು. ಹುಳ ಪೊರೆ ಕಳಚಲು ಜ್ವರಕ್ಕೆ ಕೂತಾಗಲೆಲ್ಲ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸಿದವನು ನಾನು. "ಅಣ್ಣ, ಇದ್ನ ಹುಳದ ಮನೆಯಿಂದ ಆಚೆ ಇಡಾಣ" ಅಂತ ನೀನು ಅಂದಾಗ, "ನಿಂಗೇನ್ ಗೊತ್ತು, ಸುಮ್ಕಿರು. ಗೇಮ್ ಆಡಿ ಆಡಿ ನೀನೇ ಕೆಡಿಸ್ಬುಟ್ಟೆ" ಅಂತ ಅವ್ವನ ಎದುರಿಗೆ ಕೂಗಾಡಿದವನೂ ನಾನೇ.

ಬ್ರಷ್ಷಿನಿಂದ ಒರೆಸಿ ನಡುಮನೆಗೆ ತಂದಿಟ್ಟಿದ್ದೇನೆ. ಬಟ್ಟೆ ಹೊದಿಸಬೇಡ. ನಾನು ಬಚ್ಚಿಟ್ಟಿದ್ದ ಅದರ ಕರೆಂಟ್ ವೈರು ಕೀಬೋರ್ಡಿನ ಮೇಲಿದೆ. ಮೂರು ದಿನದಿಂದ ಪ್ರಾಜೆಕ್ಟನ್ನು ಕೈಯಲ್ಲೇ ಬರೆಯುತ್ತಿದ್ದೀಯ, ಸಾಕು, ಟೈಪ್ ಮಾಡು.

ಅವ್ವನಿಗೆ ಹೇಳೋಣವೆಂದು ಅಡುಗೆಮನೆಗೆ ಹೋದೆ. ಒಂದು ಲೋಟ ನೀರು ಕುಡಿದು ವಾಪಸ್ ಬಂದೆ. ಅವಳಿಗೆ ಓದಲು ಬರುವುದಿಲ್ಲ. ನಿನ್ನನ್ನು ಬೈದದ್ದು ಅವಳ ಎದುರಿಗೆ ತಾನೆ? ಈ ಚೀಟಿಯನ್ನು ಅವಳಿಗೆ ಜೋರಾಗಿ ಓದಿ ಹೇಳು. ಒಂದು ಮಾತೂ ಬಿಡಬೇಡ.

ಅಣ್ಣ