ಕತ್ತೆಯ ಹಿಂಗಾಲುಗಳಿಗೆ ಒಂದು ಮೊರೆ

ಪೂಜ್ಯ ಭಾವನವರ ಪಾದಗಳಿಗೆ, ಅಂದರೆ ಹನ್ನೊಂದು ವರ್ಷ ನಮ್ಮ ಫುಟ್‌ಬಾಲ್ ತಂಡದ ಕತ್ತೆವೇಷಕ್ಕೆ ಹಿಂಗಾಲುಗಳಾಗಿದ್ದ ಆ ಎರಡು ಪಾದಗಳಿಗೇ,

ಮೊದಲು ತಪ್ಪೊಪ್ಪಿಗೆ. ಕಳೆದ ಸೋಮವಾರ ಮಧ್ಯಾಹ್ನ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ನಾನು ಕ್ಲಬ್ಬಿನ ಉಗ್ರಾಣದಿಂದ ಒಂದು ತಲೆ ಕದ್ದೆ. ಕತ್ತೆಯ ತಲೆ. ಗುಜರಿಯವನು ಮುಂಬಾಗಿಲಲ್ಲಿ ಚೀಲ ಬಿಡಿಸುತ್ತಿದ್ದ. ನಾನು ಅದನ್ನು ತಬ್ಬಿಕೊಂಡು ಹಿಂಬಾಗಿಲಿನಿಂದ ಓಡಿದೆ. ಈಗ ಅದು ಮಂಚದ ಮೇಲೆ, ನಾನು ನೆಲದ ಮೇಲೆ. ನನ್ನಾಕೆ ನೋಡಿ, "ಮನೇಲಿ ಒಂದಿತ್ತು, ಎರಡಾಯ್ತು" ಅಂದಳು.

ಗುಜರಿಗೇಕೆ ಎನ್ನುತ್ತೀರಾ? ನೀವು ಬಿಟ್ಟುಹೋದ ಈ ಎಂಟು ತಿಂಗಳಲ್ಲಿ ಕ್ಲಬ್ಬಿಗೊಬ್ಬ ಸಲಹೆಗಾರ ಬಂದಿದ್ದಾನೆ. "ಕತ್ತೆ ಅಂದ್ರೆ ಜನ ನಗ್ತಾರೆ ಸಾರ್, ಸಿಂಹ ಮಾಡೋಣ, ಸಿಂಹಕ್ಕೆ ಒಂದು ಗತ್ತಿದೆ" ಅಂದ. "ಗತ್ತಿದೆ ಸ್ವಾಮಿ, ಅದು ಯಾವತ್ತಾದ್ರೂ ಮೂಟೆ ಹೊತ್ತಿದೆಯಾ?" ಅಂದೆ. ಯಾರೂ ನಗಲಿಲ್ಲ. ಬಿ.ಎ. ಓದಿದ ಗೋದಾಮು ಗುಮಾಸ್ತನ ಹಾಸ್ಯಕ್ಕೆ ಸಭೆಗಳಲ್ಲಿ ಬೆಲೆಯಿಲ್ಲ, ಭಾವ.

ಅವನಿಗೇನು ಗೊತ್ತು? ನಮ್ಮ ಅಪ್ಪಂದಿರು ಹಗಲೆಲ್ಲ ಮೂಟೆ ಹೊತ್ತು, ಸಂಜೆ ಅದೇ ಬೆನ್ನುನೋವಿನಲ್ಲಿ ಫುಟ್‌ಬಾಲ್ ಆಡಿದವರು. "ಕತ್ತೆಗಳು ಬಂದ್ವು, ಹುಲ್ಲು ಹಾಕ್ರೋ" ಅಂತ ಎದುರು ತಂಡದವರು ಕೂಗಿದರೆ, ಮುಂದಿನ ಪಂದ್ಯಕ್ಕೆ ನಮ್ಮವರು ನಿಜವಾದ ಕತ್ತೆಯೊಂದಕ್ಕೆ ತಂಡದ ಅಂಗಿ ತೊಡಿಸಿ ಮೈದಾನ ಸುತ್ತಿಸಿದರು. ಬೈಗುಳವನ್ನೇ ಬಾವುಟ ಮಾಡಿಕೊಂಡರು. ಸಿಂಹ ಯಾರದ್ದಾದರೂ ಆಗಬಹುದು, ಈ ಲೀಗಿನಲ್ಲೇ ನಾಲ್ಕಿವೆ. ಆ ಕತ್ತೆ ನಮ್ಮಪ್ಪನ ಬೆನ್ನು. ಅದನ್ನು ಹೇಗೆ ಗುಜರಿಗೆ ಹಾಕಲಿ?

ಅಪ್ಪ ಹಾಸಿಗೆ ಹಿಡಿದಾಗ ನಾವಿಬ್ಬರೂ ವೇಷದಲ್ಲೇ ಅವನ ಕೋಣೆಗೆ ನುಗ್ಗಿದ್ದು ನೆನಪಿದೆಯೇ? ನಾನು ಒಳಗೆ, ನೀವು ಬಾಗಿಲಲ್ಲಿ ಸಿಕ್ಕಿಕೊಂಡು ಹೊರಗೆ. ವಾರದಿಂದ ಮಾತಾಡದವನು ತಲೆಯೆತ್ತಿ, "ಹಿಂದಿನೋನೇ ಚೆನ್ನಾಗಿ ನಡೀತಾನೆ" ಅಂದ. ಅಕ್ಕ ನಗುತ್ತ ಅತ್ತಳು. ನನಗೆ ಮಾತ್ರ ಹೊಟ್ಟೆ ಉರಿಯಿತು. ಆ ಉರಿ ಉಳಿದೇಬಿಟ್ಟಿತು.

ಅದೇ ಉರಿಯಲ್ಲಿ, ಕಪ್ ಗೆದ್ದ ದಿನ ಪತ್ರಿಕೆಯವಳು ಮೈಕು ಹಿಡಿದು "ಒಳಗೆ ಇಬ್ಬರಿದ್ದೀರಾ?" ಅಂದಾಗ, "ಕತ್ತೆ ಅಂದ್ರೆ ನಾನೇ, ಹಿಂದಿರೋರು ಬರೀ ಬಾಲ ಅಲ್ಲಾಡ್ಸೋಕೆ" ಅಂದುಬಿಟ್ಟೆ. ನೀವಿನ್ನೂ ನನ್ನ ಬೆನ್ನ ಹಿಂದೆ ಬಗ್ಗಿಕೊಂಡೇ ಇದ್ದಿರಿ. ಹಿಂಗಾಲುಗಳನ್ನು ಕಳಚಿ, ಮಡಚಿ, ಬೆಂಚಿನ ಮೇಲಿಟ್ಟು ಹೊರಟಿರಿ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಮಡಿಕೆ ಎಷ್ಟು ನೀಟಾಗಿತ್ತು, ಭಾವ!

ಆಮೇಲೆ ಲಾರಿ ಡ್ರೈವರ್ ಹಿಂಗಾಲಾದ. ಮೊದಲ ಪಂದ್ಯದಲ್ಲೇ ಗೋಲುಕಂಬಕ್ಕೆ ಹಣೆ ಚಚ್ಚಿಕೊಂಡು ಇಬ್ಬರೂ ಮಗುಚಿದೆವು. ಜನ ನಕ್ಕಿದ್ದರೆ ಸರಿಯಿತ್ತು. ಇಡೀ ಮೈದಾನ ಸುಮ್ಮನಾಯಿತು. ಡ್ರೈವರಿಗೆ ಬ್ರೇಕೇ ಇಲ್ಲ ಅಂತ ಎಲ್ಲರೆದುರು ಹಂಗಿಸಿದೆ. ಅಂದೇ ಸಿಂಹದ ಮಾತು ಶುರುವಾದದ್ದು.

ಕದ್ದ ಮರುದಿನ ಕಾರ್ಯದರ್ಶಿಯ ಕಾಲು ಹಿಡಿದೆ. "ಭಾನುವಾರ ಒಂದೇ ಒಂದು ಸುತ್ತು. ಬೀಳದೆ ಬಂದ್ರೆ ಕತ್ತೆ ಇರುತ್ತೆ, ಬಿದ್ರೆ ಸಿಂಹ" ಅಂದರು. ಇಂದು ಗುರುವಾರ. ಮೂರು ಸಲ ನಿಮ್ಮ ಮನೆಯ ಮೆಟ್ಟಿಲ ತನಕ ಬಂದು, ನಿಮ್ಮ ಚಪ್ಪಲಿ ನೋಡಿ ವಾಪಸಾದೆ. ಬನ್ನಿ ಭಾವ. ಹೊಡೆಯಬೇಕೆನಿಸಿದರೆ ಹೊಡೆಯಿರಿ, ಆದರೆ ಬನ್ನಿ. ಹನ್ನೊಂದು ವರ್ಷ ನಿಮಗೆ ದಾರಿ ತೋರಿಸಿದವನು ಕೇಳುತ್ತಿದ್ದೇನೆ.

ಇಲ್ಲ. ಆ ಸಾಲು ಹೊಡೆದುಹಾಕಬೇಕು. ಎರಡನೇ ವರ್ಷ ತಲೆಗೆ ಹೊಸ ಬಣ್ಣ ಬಳಿದರಲ್ಲ, ಆಗ ಪೇಂಟರು ಕಣ್ಣಿನ ತೂತುಗಳನ್ನೂ ಮುಚ್ಚಿಬಿಟ್ಟ. ಹೇಳಿದರೆ ಮುಂದಿನ ಜಾಗ ಹೋಗುತ್ತದೆಂದು ಬಾಯಿ ಬಿಡಲಿಲ್ಲ. ಅಂದಿನಿಂದ ನನಗೆ ಕಂಡದ್ದು ಬರೀ ಕತ್ತಲೆ. ನೀವು ಹೊಟ್ಟೆಯ ಸೀಳಿನಿಂದ ನೆಲ ನೋಡುತ್ತ, "ಗೆರೆ ಗೆರೆ, ಎಡಕ್ಕೆ ಬಾರೋ" ಎಂದು ಗೊಣಗಿ ನನ್ನ ಬೆಲ್ಟು ಜಗ್ಗುತ್ತಿದ್ದಿರಲ್ಲ, ಆ ಜಗ್ಗಿದ ಕಡೆಗೆ ನಡೆದೆ, ಅಷ್ಟೇ. ಪಾಪ, ಡ್ರೈವರು ನನ್ನನ್ನು ನಂಬಿ ಸುಮ್ಮನಿದ್ದ. ನಿನ್ನೆ ಆ ತೂತುಗಳನ್ನು ಕೊರೆದು, ತಲೆ ಹಾಕಿಕೊಂಡು ಅಭ್ಯಾಸದ ಮೈದಾನಕ್ಕೆ ಹೋದೆ. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಜನ ಕಂಡರು. ನಲವತ್ತು ಮಂದಿ ಇದ್ದಿರಬಹುದು, ಅಷ್ಟಕ್ಕೇ ಹೆದರಿ ಅಲ್ಲೇ ಕೂತೆ. ಇಬ್ಬರು ಎತ್ತಿಕೊಂಡು ಬಂದರು.

ಅಕ್ಕನಿಗೂ ನಿಮಗೂ ಒಳ್ಳೆಯದಾಗಲಿ. ಬಾರದಿದ್ದರೂ ಆಗಲಿ.

ಮುಂದೆ ನಿಂತು ನಿಮ್ಮ ಹಿಂದೆ ನಡೆದ,
ನಿಮ್ಮ ಭಾವಮೈದ