ಆರನೇ ಬೋರಿನ ಪೆಟ್ಟಿಗೆ

ಬುಧವಾರ, ತಾರೀಕು ಹನ್ನೊಂದು

ಮುದ್ದಿನ ಪುಟ್ಟಿಗೆ,

ನಿನ್ನ ಮೂರು ಪತ್ರಗಳೂ ಕೈಸೇರಿವೆ. ಮೊದಲನೆಯದಕ್ಕೆ ಕೈನೋವು ಅಂದೆ. ಎರಡನೆಯದಕ್ಕೆ ಕನ್ನಡಕ ರಿಪೇರಿಗೆ ಹೋಗಿದೆ ಎಂದು ಅಮ್ಮನ ಕೈಲಿ ಹೇಳಿಸಿದೆ. ಮೂರನೆಯದಕ್ಕೆ ನನ್ನಲ್ಲಿ ನೆಪದ ದಾಸ್ತಾನು ಮುಗಿದಿದೆ. ತಡಮಾಡಿದ್ದಕ್ಕೆ ಬೈದುಕೋ, ಆದರೆ ಕೊನೆಯವರೆಗೂ ಓದು. ಅಮ್ಮ ಚೆನ್ನಾಗಿದ್ದಾಳೆ, ಅವಳ ಮಂಡಿ ಮಾತ್ರ ಮುಷ್ಕರ ಹೂಡಿದೆ. ಮನೆಯೂ ಚೆನ್ನಾಗಿದೆ. ನಾನು ಹೇಗಿದ್ದೇನೆ ಎಂಬುದನ್ನು ಈ ಕಾಗದ ಮುಗಿದ ಮೇಲೆ ನೀನೇ ಹೇಳು.

ನನಗೆ ಹೆದರಿಕೆಯಾಗಿದೆ, ಪುಟ್ಟಿ. ಐವತ್ತೊಂದು ಗುಡ್ಡಗಳ ಹೊಟ್ಟೆ ಕೊರೆದವನು, ಏಳನೇ ಕ್ಲಾಸಿಗೆ ಪಾಟೀಚೀಲ ಬಿಸಾಕಿ ಎರಡು ಡ್ರಿಲ್ಲಿಂಗ್ ಮೆಷಿನ್ನಿನ ಯಜಮಾನನಾದವನು ಹೀಗೆ ಬರೆಯುತ್ತಾನೆಂದರೆ ನಿನಗೆ ನಗು ಬರಬಹುದು. ಮುಂದಿನ ವಾರದ ಶುಕ್ರವಾರ, ಇಪ್ಪತ್ತನೇ ತಾರೀಕು, ಆ ಗುಡ್ಡ ಜಾರುವುದಿಲ್ಲ ಎಂದು ನೀನು ಸಹಿ ಹಾಕಬೇಕಂತೆ. ಹಾಕಿದರೆ ಬುಡದಲ್ಲಿ ಆರುನೂರು ಮಕ್ಕಳ ಶಾಲೆ ಏಳುತ್ತದಂತೆ. ಮೊದಲ ನೌಕರಿಯ ಮೊದಲ ದೊಡ್ಡ ಸಹಿ. ಅಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಾನು ಮಾತ್ರ ಊಟದ ತಟ್ಟೆಯ ಮುಂದೆ ಕೂತು ಸುಮ್ಮನೆ ಎದ್ದು ಹೋಗುತ್ತಿದ್ದೇನೆ.

ಭೂವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತೇನೆ ಎಂದು ನೀನು ಹಟ ಹಿಡಿದಾಗ ನಿನ್ನ ಸೋದರಮಾವ, "ಕಲ್ಲು ನೋಡೋಕೆ ಎರಡು ವರ್ಷ ಯಾಕಮ್ಮ, ನಿಮ್ಮಪ್ಪನ ಅಂಗಳದಲ್ಲಿ ರಾಶಿ ಬಿದ್ದಿದೆ" ಅಂದಿದ್ದ. ಅವನ ಬಾಯಿ ಮುಚ್ಚಿಸಿದವನು ನಾನೇ. ಕೊರೆದ ಕಲ್ಲು ಜೋಡಿಸುವ ನನ್ನ ಪೆಟ್ಟಿಗೆಗಳ ಮೇಲೆ ಬಣ್ಣದ ಕುಂಚದಲ್ಲಿ ಅಂಕಿ ಬರೆದು ಲೆಕ್ಕ ಕಲಿತವಳು ನೀನು. ಏಳರ ಸೊಂಟಕ್ಕೆ ಅಡ್ಡಗೀಟು ಎಳೆಯುವ ನನ್ನ ಚಾಳಿಯೂ ನಿನಗೆ ಅಂಟಿತ್ತು. ನಿನ್ನ ಕ್ಲಾಸಿನವರಲ್ಲಿ ಒಬ್ಬ ಗಣಿ ಸೇರಿದ, ಒಬ್ಬಳು ಸಮುದ್ರದ ನಡುವೆ ಎಣ್ಣೆಬಾವಿಯ ಮೇಲಿದ್ದಾಳೆ, ಇನ್ನೊಬ್ಬ ಅಂತರ್ಜಲದ ಇಲಾಖೆಯಲ್ಲಿ ಫೈಲು ತಿರುವುತ್ತಾನೆ. ನೀನು ಮಾತ್ರ ಗುಡ್ಡದ ಇಳಿಜಾರು ಪರೀಕ್ಷಿಸುವ ಆಫೀಸು ಹಿಡಿದೆ. "ಅಪ್ಪ ತೂತು ಹೊಡೀತಾರೆ, ನಾನು ಆ ತೂತನ್ನ ಓದ್ತೀನಿ" ಅಂದೆ. ಆ ಮಾತಿಗೆ ಎಷ್ಟು ಹಿಗ್ಗಿದ್ದೆನೋ ಈಗ ಅಷ್ಟೇ ಕುಗ್ಗುತ್ತಿದ್ದೇನೆ.

ನಿನ್ನ ಮೂರೂ ಪತ್ರಗಳ ಕೊನೆಯಲ್ಲಿ ಒಂದೇ ಪ್ರಶ್ನೆ. "ಅಪ್ಪಾ, ಆರನೇ ಬೋರ್ ಬಗ್ಗೆ ಏನಾದ್ರೂ ನೆನಪಿದ್ಯಾ?"

ನೆನಪಿದೆ.

ಹನ್ನೆರಡು ವರ್ಷದ ಹಿಂದೆ ಆ ಗುಡ್ಡದ ಮೇಲೆ ರಸ್ತೆ ಮಾಡುವ ಯೋಜನೆ ಇತ್ತು. ಎಂಟು ಬೋರ್ ಹಾಕಿದ್ದು ನಾನು. ಕೊರೆದು ತೆಗೆದ ಕಲ್ಲಿನ ದಿಂಡುಗಳನ್ನು ಆಳದ ಕ್ರಮದಲ್ಲಿ ಪೆಟ್ಟಿಗೆಯಲ್ಲಿ ಜೋಡಿಸಬೇಕು. ನಡುವೆ ಕಲ್ಲು ಸಿಗದೆ ಪುಡಿಯಾಗಿ ಹೋದರೆ ಆ ಜಾಗ ಖಾಲಿ ಬಿಟ್ಟು, ಅಲ್ಲೊಂದು ಗೇಣುದ್ದದ ಮರದ ತುಂಡು ಇಟ್ಟು, ಇಷ್ಟರಿಂದ ಇಷ್ಟರವರೆಗೆ ಕಲ್ಲು ಸಿಕ್ಕಿಲ್ಲ ಎಂದು ಬರೆಯಬೇಕು. ಇದೆಲ್ಲ ನಿನಗೆ ಗೊತ್ತಿರುವುದೇ. ಹೇಳಲು ಧೈರ್ಯ ಸಾಲದೆ ಸುತ್ತು ಹೊಡೆಯುತ್ತಿದ್ದೇನೆ, ಅಷ್ಟೆ.

ಆರನೇ ಬೋರಿನಲ್ಲಿ ಹದಿನೇಳನೇ ಮೀಟರಿಗೆ ರಾಡು ದಡಕ್ಕನೆ ಇಳಿಯಿತು. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ. ಮತ್ತೆ ಕಲ್ಲು ತಗುಲಿದ್ದು ಹತ್ತೊಂಬತ್ತೂ ಮುಕ್ಕಾಲಕ್ಕೆ. ನಡುವೆ ಎರಡೂ ಮುಕ್ಕಾಲು ಮೀಟರು ಏನೂ ಮೇಲೆ ಬರಲಿಲ್ಲ. ನನ್ನ ಪಾಲಿಗೆ ಅದು ಅವಮಾನ. ಇಪ್ಪತ್ತು ವರ್ಷದ ನನ್ನ ಪುಸ್ತಕದಲ್ಲಿ ಅಷ್ಟುದ್ದದ ಖಾಲಿ ಜಾಗ ಇರಲಿಲ್ಲ. ಅವನ ಪೆಟ್ಟಿಗೆಯಲ್ಲಿ ಹಲ್ಲು ಬಿದ್ದಿರಲ್ಲ ಎಂದು ಇಂಜಿನಿಯರುಗಳೇ ಹೇಳುತ್ತಿದ್ದರು. ಆ ಹೊಗಳಿಕೆಯನ್ನು ಕಾಪಾಡಲು ಹೋದೆ. ನಾಲ್ಕನೇ ಬೋರಿನಲ್ಲಿ ಮಿಕ್ಕಿದ್ದ ಒಳ್ಳೆಯ ಕಲ್ಲನ್ನು ತಂದು ಆರನೆಯದರ ಬಾಯಿಗೆ ಕಟ್ಟುಹಲ್ಲು ಕೂರಿಸಿದೆ. ರಾಡು ಹಿಡಿಯುತ್ತಿದ್ದ ಉದ್ದಣ್ಣ ನೋಡಿದ. "ಯಜಮಾನ್ರೇ, ಇದು ಬೇಡ" ಅಂದ. ಕಲ್ಲಿಗೆ ಹೆಸರು ಬರೆದಿದೆಯೇನೋ ಎಂದು ನಾನು ನಕ್ಕೆ. ಮುಂದೆ ರಸ್ತೆಯ ಯೋಜನೆಯೇ ಬಿದ್ದುಹೋಯಿತು. ಪೆಟ್ಟಿಗೆ ಗೋದಾಮು ಸೇರಿತು, ನನ್ನ ನೆಮ್ಮದಿಯೂ ಅದರ ಜೊತೆ.

ಈಗ ಹೊಸ ಬೋರ್ ಯಾಕೆ, ಹಳೆಯ ಪೆಟ್ಟಿಗೆಗಳಿವೆಯಲ್ಲ ಎಂದು ನಿನ್ನ ಆಫೀಸಿನವರು ಅಂದರಂತೆ. ಆದ್ದರಿಂದ ಯಾವ ಪೆಟ್ಟಿಗೆಯಲ್ಲೂ ಸಿಗದ್ದನ್ನು ಬರೆಯುತ್ತೇನೆ, ಕೇಳು.

ಎಂಎಸ್ಸಿ ಮೊದಲ ವರ್ಷದ ರಜೆಯಲ್ಲಿ ಬಂದಾಗ ನೀನು ಹಿತ್ತಲಿನ ಮಣ್ಣನ್ನು ಬಾಯಿಗೆ ಹಾಕಿ ಅಗಿದೆ. ಅಮ್ಮ ಹೌಹಾರಿದಳು. "ಹಲ್ಲಿಗೆ ಕರಕರ ಅಂದ್ರೆ ಹೂಳು, ಜಾರಿದ್ರೆ ಜೇಡಿಮಣ್ಣು. ಮೇಷ್ಟ್ರು ಹೇಳಿಕೊಟ್ರು" ಅಂದೆ. ನಮ್ಮ ಕಸುಬಿನವರು ಮೇಷ್ಟ್ರಿಲ್ಲದೆಯೇ ಹಾಗೆ ಮಾಡುತ್ತೇವೆ. ಅವತ್ತು ರಾಡಿನ ತುದಿಗೆ ಬೂದುಬಣ್ಣದ್ದು ಬೆರಳಿನಷ್ಟು ಅಂಟಿತ್ತು. ನಾನು ಅದನ್ನು ಅಗಿದೆ. ಸಾಬೂನಿನ ಹಾಗೆ ಜಾರಿತು. ಒಂದು ಕಣವೂ ಕರಕರ ಅನ್ನಲಿಲ್ಲ. ಕೊರೆಯುವಾಗ ಒಳಗೆ ಬಿಟ್ಟ ನೀರೂ ವಾಪಸು ಬರಲಿಲ್ಲ. ಸಂಜೆ ಇಳಿದು ಬರುವಾಗ ಗುಡ್ಡದ ಮಧ್ಯದ ಒಂದು ಬಿರುಕಿನಿಂದ ಬೆಳ್ಳಗೆ ನೀರು ಒಸರುತ್ತಿತ್ತು. ನಮ್ಮ ನೀರೇ. ಗುಡ್ಡದ ಒಳಗೆ ಜಾರುಬಂಡೆಯೊಂದು ಮಲಗಿದೆ, ಅದರ ಬಾಯಿ ಹೊರಗೆ ತೆರೆದಿದೆ ಎಂದು ನನ್ನಂಥವನಿಗೂ ಗೊತ್ತಾಯಿತು. ಗೊತ್ತಾಗಿಯೂ ಕೈ ತೊಳೆದುಕೊಂಡು ಮನೆಗೆ ಬಂದೆ.

ಮೊನ್ನೆ ಯಾರಿಗೂ ಹೇಳದೆ ಅಲ್ಲಿಗೆ ಹೋಗಿದ್ದೆ. ಬಿಸಿಲುಗಾಲದಲ್ಲೂ ಗುಡ್ಡದ ಬುಡಕ್ಕೆ ಕಟ್ಟಿದ ಗೋಡೆಯ ಕಾಲು ಒದ್ದೆ. ಶಾಲೆಯ ಜಾಗ ಕಾಯುವ ಕಾವಲುಗಾರ ತನ್ನ ಕೋಣೆಯ ಬಾಗಿಲು ತೋರಿಸಿ, "ಹೋದ ವರ್ಷ ಒಂದು ಒದೆಗೆ ಮುಚ್ತಿತ್ತು ಸ್ವಾಮಿ, ಈಗ ಮೂರು ಒದ್ರೂ ಮುಚ್ಚಲ್ಲ. ಮರ ಉಬ್ಬಿದೆ" ಅಂದ. ನಾನು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದೆ. ಬಾಗಿಲಿನ ಮರ ಉಬ್ಬಿಲ್ಲ. ಚೌಕಟ್ಟು ಎರಡು ಬೆರಳು ವಾಲಿದೆ. ಅಂದಿನಿಂದ ಯಾವ ಮನೆಯ ಬಾಗಿಲು ಕಿರುಗುಟ್ಟಿದರೂ ಎದ್ದು ಹೋಗಿ ಚೌಕಟ್ಟಿಗೆ ದಾರ ಹಿಡಿಯುತ್ತೇನೆ.

ಫೋನಿನಲ್ಲಿ ಹೇಳೋಣವೆಂದುಕೊಂಡೆ. ಅಮ್ಮನ ಮಂಡಿಯ ಸಮಾಚಾರ ಹೇಳಿ ಇಟ್ಟುಬಿಟ್ಟೆ.

ಸಹಿ ಹಾಕಬೇಡ. ಅದೇ ಜಾಗದಲ್ಲಿ ಇನ್ನೊಂದು ಬೋರ್ ಹಾಕಿಸು, ನನ್ನ ಕೈಲಿ ಬೇಡ. ಅಪ್ಪನ ಮರ್ಯಾದೆ ಉಳಿಸಲು ಹೋಗಬೇಡ. ಅದು ಎರಡೂ ಮುಕ್ಕಾಲು ಮೀಟರು ಕಡಿಮೆಯಿದೆ.

ನೀನು ಕಾಲಿಟ್ಟ ನೆಲವೆಲ್ಲ ಗಟ್ಟಿಯಾಗಿರಲಿ ಎಂದು ಹರಸುವ
ನಿನ್ನ ಅಪ್ಪ

ತಾ.ಕ. ಗುರುವಾರ. ಪತ್ರವನ್ನು ಅಂಚೆಗೆ ಹಾಕುವ ಮುಂಚೆ ಆ ಕಳ್ಳಗಲ್ಲನ್ನು ಒಮ್ಮೆ ಕಣ್ಣಾರೆ ನೋಡೋಣವೆಂದು ಗೋದಾಮಿಗೆ ಹೋಗಿದ್ದೆ. ಅಲ್ಲಿನ ಸ್ಟೋರ್‌ಕೀಪರ್ ನನ್ನ ಹಳೆಯ ಪರಿಚಯದವನು. "ಬಾ ಅಣ್ಣ. ತಿಂಗಳ ಹಿಂದೆ ನಿನ್ನ ಮಗಳೂ ಬಂದಿದ್ಲು. ಇಡೀ ಮಧ್ಯಾಹ್ನ ಈ ಪೆಟ್ಟಿಗೆ ಮುಂದೆ ಕೂತಿದ್ಲು. ಹೋಗೋವಾಗ ಒಂದು ಮರದ ತುಂಡು ಕೇಳಿದ್ಲು, ಭಾರದ ಚೀಲ ಹೊತ್ಕೊಂಡು ಹೋದ್ಲು" ಅಂದ.

ಮುಚ್ಚಳ ತೆಗೆದೆ. ನನ್ನ ಸುಳ್ಳುಕಲ್ಲು ಅಲ್ಲಿರಲಿಲ್ಲ. ನಾಲ್ಕನೆಯದರ ಪೆಟ್ಟಿಗೆಯ ಕಲ್ಲಿನ ತುದಿಗೆ ಹೊಂದಿಸಿ ನೋಡಿರುತ್ತೀಯ. ಒಡೆದ ತಟ್ಟೆಯ ಹೋಳುಗಳ ಹಾಗೆ ಕೂತಿರುತ್ತದೆ. ಆ ಜಾಗದಲ್ಲಿ ಮರದ ತುಂಡು. ಅದರ ಮೇಲೆ, "17.00ರಿಂದ 19.75, ಕಲ್ಲು ಸಿಕ್ಕಿಲ್ಲ." ಹನ್ನೆರಡು ವರ್ಷ ಹಿಂದಿನ ತಾರೀಕು. ಬಣ್ಣ ಹೊಸದು. ಏಳರ ಸೊಂಟಕ್ಕೆ ಅಡ್ಡಗೀಟು. ಯಾರು ನೋಡಿದರೂ ನನ್ನ ಕೈಬರಹವೆಂದೇ ಹೇಳುತ್ತಾರೆ.

ನಾನು ಬರೆಯಬೇಕಿದ್ದ ನಿಜವನ್ನು ನನ್ನ ಕೈಬರಹದಲ್ಲಿ ನೀನು ಬರೆದಿಟ್ಟಿದ್ದೀಯ. ಆಮೇಲೆ ಮೂರು ಸಲ ನನ್ನನ್ನು ಕೇಳಿದ್ದೀಯ. ಕೈನೋವು, ಕನ್ನಡಕ, ಅಮ್ಮನ ಮಂಡಿ ಎಂದು ಮೂರು ಸಲವೂ ನಾನು ತಪ್ಪಿಸಿಕೊಂಡಿದ್ದೇನೆ.

ಗುಡ್ಡಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಆ ಮರದ ತುಂಡು. ಅಪ್ಪನ ತಪ್ಪು ಕಾಣದಿರಲೆಂದು ಹಳೆಯ ತಾರೀಕು ಹಾಕಿದ್ದೀಯ, ಖಾಲಿ ಜಾಗ ಮುಚ್ಚುವ ನನ್ನ ಚಾಳಿಯೂ ನಿನಗೆ ಅಂಟಿದೆ. ಅದನ್ನು ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಸೋಮವಾರ ನಿನ್ನ ಆಫೀಸಿನ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತೇನೆ. ನಿನ್ನ ಮೇಲಿನವರ ಎದುರು ಅದೇ ಸೋಮವಾರದ ತಾರೀಕು ಹಾಕಿ, ನಾನೇ ಹೊಸ ತುಂಡಿನ ಮೇಲೆ ಬರೆದು ಸಹಿ ಮಾಡುತ್ತೇನೆ. ಅಲ್ಲಿ ನನ್ನನ್ನು ಅಪ್ಪ ಅನ್ನಬೇಡ, ಬೋರಿನವನು ಅನ್ನು. ಎಲ್ಲ ಮುಗಿದು ಹೊರಗೆ ಬಂದ ಮೇಲೆ, ಮನಸ್ಸಾದರೆ, ಒಂದು ಸಲ ಕರೆ.