ಗ್ಯಾಲರಿಯಲ್ಲಿ ಮೂವತ್ತೊಂದು ಜನ

ಅಣ್ಣಾ ನಗರ್, ಚೆನ್ನೈ
14-9-2004

ನಮ್ಮನೆಯವರಿಗೆ ನಮಸ್ಕಾರ.

ನೆಯ್ವೇಲಿಯ ನೀರು ಒಗ್ಗಿತೇ? ಟ್ರೈನಿಂಗ್ ಮುಗಿಯಲು ಇನ್ನು ಎರಡು ವಾರವಲ್ಲವೇ?

ಭಾನುವಾರ ಬೇಸರವಾಗಿ ನೀವು ತಪ್ಪದೆ ಹೋಗುವ ಲೀಗ್ ಫುಟ್‌ಬಾಲ್ ನೋಡಲು ಹೋಗಿದ್ದೆ. ಕಾಲಿಡಲು ಜಾಗವಿರುವುದಿಲ್ಲ, ಹೆಂಗಸರು ಬರುವಂಥದ್ದಲ್ಲ ಎಂದು ಆರು ವರ್ಷದಿಂದ ಹೇಳುತ್ತಿದ್ದಿರಿ. ಎಣಿಸಿದೆ. ನನ್ನನ್ನೂ ಸೇರಿಸಿ ಮೂವತ್ತೊಂದು ಜನ. ಚಪ್ಪಾಳೆ ತಟ್ಟಿದರೆ ಯಾರೆಂದು ಆಟಗಾರರೇ ತಿರುಗಿ ನೋಡುತ್ತಾರೆ. ಅಷ್ಟು ಕಡಿಮೆ ಜನರ ನಡುವೆ ಹೊಸಬರಿಗೆ ಅಡಗಿ ಕೂರಲಾಗುವುದಿಲ್ಲ. ಕಡಲೆ ಸುಂಡಲ್ ಮಾರುವವನು ಬಂದು ಯಾರ ಕಡೆಯವರು ಎಂದು ವಿಚಾರಿಸಿದ. ತಿರುಮಲ ಸಾರ್ ಮನೆಯಿಂದ ಎಂದೆ.

“ಸಾರ್ ಹೆಂಡತಿ ನನಗೆ ಗೊತ್ತಮ್ಮಾ, ವಾರವಾರ ಜೊತೆಗೇ ಬರ್ತಾರಲ್ಲ. ಮಾವಿನಕಾಯಿ ಜಾಸ್ತಿ ಹಾಕಿಸ್ಕೊಳ್ತಾರೆ. ನೀವು ಯಾರು?”

ಅಕ್ಕ ಎಂದೆ. ಬೇರೇನೂ ಹೊಳೆಯಲಿಲ್ಲ.

“ಅದಕ್ಕೇ ಮೂಗು ಸಾರ್ ಥರಾನೇ ಇದೆ” ಎಂದು ನಕ್ಕು, ಒಂದು ಪೊಟ್ಟಣ ಸುಮ್ಮನೆ ಕೊಟ್ಟ.

ನೀವು ಬಂದ ಮೇಲೂ ಭಾನುವಾರ ನಾನು ಹೋಗುವವಳಿದ್ದೇನೆ. ಜೊತೆಯಲ್ಲಿರುವವರಿಗೆ ನನ್ನನ್ನು ಪರಿಚಯಿಸುವಾಗ ನೀವೂ ಅಕ್ಕ ಎಂದೇ ಹೇಳಿ. ನಮ್ಮಿಬ್ಬರ ಮಾತು ಬೇರೆ ಬೇರೆಯಾಗುವುದು ಬೇಡ.

ಇಂತಿ,
ಜಯಲಕ್ಷ್ಮೀ